ಮೇಡಂ ಕ್ಯೂರಿಯ ಯಜಮಾನರು

ಹತ್ತನೆಯ ತರಗತಿಯ ಹುಡುಗರಿಗೆ ಒಂದು ಮಧ್ಯಾಹ್ನ ಮೇಡಂ ಕ್ಯೂರಿಯ ಕಥೆ ಹೇಳುತ್ತಿದ್ದೆ. ಅದೇನೂ ಆ ದಿನದ ಪಾಠವಲ್ಲ. ಊಟದ ನಂತರದ ಪೀರಿಯಡ್ಡು, ಅರ್ಧ ತರಗತಿ ತೂಕಡಿಸುತ್ತಿತ್ತು. ವಿದ್ಯುತ್ತಿನ ಲೆಕ್ಕಗಳನ್ನು ಬದಿಗಿಟ್ಟು ಕಥೆಗೆ ಇಳಿದಿದ್ದೆ. ಪೋಲೆಂಡಿನ ಮೇಷ್ಟ್ರೊಬ್ಬರ ಮಗಳು ಪ್ಯಾರಿಸ್ಸಿಗೆ ಓದಲು ಬಂದದ್ದು, ಮಳೆ ಬಂದರೆ ಸೋರುವ ಶೆಡ್ಡಿನಲ್ಲಿ ಟನ್ನುಗಟ್ಟಲೆ ಅದಿರನ್ನು ಕುದಿಸಿ ಕದಡಿ ರೇಡಿಯಂ ತೆಗೆದದ್ದು, ಎರಡು ಸಲ ನೊಬೆಲ್ ಬಹುಮಾನ ಪಡೆದದ್ದು. ಕಥೆ ಮುಗಿಯುತ್ತಿದ್ದಂತೆ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಅವರ ಯಜಮಾನ್ರು ಏನ್ ಕೆಲ್ಸ ಮಾಡ್ತಿದ್ರು?’ ಎಂದಳು. ತರಗತಿ ಗೊಳ್ಳೆಂದು ನಕ್ಕಿತು.

ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಬಹುತೇಕ ಶಾಲಾ ಪುಸ್ತಕಗಳಲ್ಲಿ ಆ ಮನುಷ್ಯನ ಪಾಲಿಗೆ ಬರುವುದು ಅರ್ಧ ಸಾಲು. ಮೇರಿ ಕ್ಯೂರಿ ಮತ್ತು ಆಕೆಯ ಪತಿ, ಅಷ್ಟೆ. ಲೋಕದಲ್ಲಿ ಸಾಮಾನ್ಯವಾಗಿ ದೊಡ್ಡವರ ಹೆಂಡಂದಿರು ಹೀಗೆ ಅರ್ಧ ಸಾಲಿನಲ್ಲಿ ಮರೆಯಾಗುತ್ತಾರೆ. ಒಮ್ಮೆಯಾದರೂ ಗಂಡನ ಸರದಿ ಬಂತಲ್ಲ ಎಂದು ಹೆಣ್ಣುಮಕ್ಕಳು ಹೇಳಿದರೆ ನಾನು ತಕರಾರು ಮಾಡುವುದಿಲ್ಲ. ಆದರೂ ಪಿಯರೆ ಕ್ಯೂರಿ ಅರ್ಧ ಸಾಲಿನ ಮನುಷ್ಯನಲ್ಲ. ಆತನ ಬಗ್ಗೆ ಮನಸ್ಸಿಟ್ಟು ಬರೆದವರಲ್ಲಿ ಇಬ್ಬರು ಮನೆಯವರೇ. ಹೆಂಡತಿ ಮೇರಿ 1923ರಲ್ಲಿ ಒಂದು ಪುಟ್ಟ ಪುಸ್ತಕ ಬರೆದಳು. ಕಿರಿಯ ಮಗಳು ಈವ್ 1937ರಲ್ಲಿ ತಾಯಿಯ ಜೀವನಚರಿತ್ರೆ ಬರೆಯುವಾಗ ತಂದೆಯನ್ನೂ ಅದರಲ್ಲಿ ಕೂರಿಸಿದಳು. ತಂದೆ ತೀರಿಕೊಂಡಾಗ ಈವ್‌ಗೆ ಒಂದು ವರ್ಷ ನಾಲ್ಕು ತಿಂಗಳು. ಆಕೆ ಬರೆದದ್ದೆಲ್ಲ ಬೇರೆಯವರಿಂದ ಕೇಳಿ ತಿಳಿದದ್ದು.

ಪಿಯರೆ ಹುಟ್ಟಿದ್ದು 1859ರ ಮೇ 15ರಂದು, ಪ್ಯಾರಿಸ್ಸಿನಲ್ಲಿ. ತಂದೆ ಯೂಜೀನ್ ಕ್ಯೂರಿ ವೈದ್ಯರು. ಹುಡುಗ ನಿಧಾನ. ಒಂದು ವಿಷಯ ಹಿಡಿದರೆ ಅದರಲ್ಲೇ ಮುಳುಗಿಬಿಡುತ್ತಿದ್ದ. ಗಂಟೆ ಹೊಡೆದೊಡನೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಜಿಗಿಯುವ ಸ್ವಭಾವ ಅವನದಲ್ಲ. ತಂದೆತಾಯಿ ಇದನ್ನು ನೋಡಿ ಅವನನ್ನು ಶಾಲೆಗೇ ಕಳಿಸಲಿಲ್ಲ. ಮೊದಲು ತಾಯಿ, ಆಮೇಲೆ ತಂದೆ ಮತ್ತು ಅಣ್ಣ ಜಾಕ್ ಕಲಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆಪಾಠಕ್ಕೆ ಒಬ್ಬ ಒಳ್ಳೆಯ ಗಣಿತದ ಮೇಷ್ಟ್ರು ಸಿಕ್ಕಿದರು. ಹದಿನಾರಕ್ಕೆ ನಮ್ಮ ಪಿಯುಸಿಗೆ ಸಮನಾದ ಪರೀಕ್ಷೆ, ಹದಿನೆಂಟಕ್ಕೆ ಭೌತವಿಜ್ಞಾನದ ಪದವಿ ಮುಗಿಸಿದ. ಶಾಲೆಯ ಸಂಬಳದಲ್ಲಿ ಅನ್ನ ಉಣ್ಣುವ ನಾನು ಇದನ್ನು ಹೀಗೆ ಬಾಯಿಬಿಟ್ಟು ಹೇಳಬಾರದೇನೋ. ಆದರೆ ‘ನಮ್ಮ ಹುಡುಗ ಬಹಳ ನಿಧಾನ ಸಾರ್’ ಎಂದು ಮುಖ ಸಣ್ಣದು ಮಾಡಿಕೊಂಡು ಬರುವ ತಂದೆತಾಯಿಗಳಿಗೆ ನಾನು ಮೊದಲು ಹೇಳುವುದು ಈ ಡಾಕ್ಟರ ಮನೆಯ ಕಥೆಯನ್ನೇ.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 1880ರಲ್ಲಿ, ಅಣ್ಣತಮ್ಮ ಇಬ್ಬರೂ ಸೇರಿ ಒಂದು ವಿಚಿತ್ರ ಕಂಡುಹಿಡಿದರು. ಬೆಣಚಿನಂಥ ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ಕಾಣಿಸಿಕೊಳ್ಳುತ್ತದೆ. ಮರುವರ್ಷ ಅದರ ತಿರುವುಮುರುವನ್ನೂ ತೋರಿಸಿದರು: ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಕೂದಲೆಳೆಯಷ್ಟೂ ಅಲ್ಲದ ಅಳತೆಯಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಇದಕ್ಕೆ ಪೀಜೋ ವಿದ್ಯುತ್ ಎಂದು ಹೆಸರು. ಮಕ್ಕಳೇ, ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರನ್ನು ಒಮ್ಮೆ ‘ಟಕ್’ ಎನ್ನಿಸಿ. ಒಳಗಿನ ಪುಟ್ಟ ಬಿಲ್ಲೆಯ ಮೇಲೆ ಪೆಟ್ಟು ಬೀಳುತ್ತದೆ, ಪೆಟ್ಟು ವಿದ್ಯುತ್ತಾಗಿ ಕಿಡಿ ಹಾರುತ್ತದೆ. ಕೈಗೆ ಕಟ್ಟುವ ಕ್ವಾರ್ಟ್ಸ್ ಗಡಿಯಾರ ನಡೆಯುವುದೂ ಅದೇ ಗುಣದಿಂದ. ನಮ್ಮ ಅಮ್ಮಂದಿರು ದಿನಕ್ಕೆ ನಾಲ್ಕು ಸಲ ಕ್ಯೂರಿ ಸೋದರರ ಪ್ರಯೋಗವನ್ನು ಒಲೆಯ ಮುಂದೆ ಮಾಡುತ್ತಾರೆ. ಆದರೆ ರೇಡಿಯಂ ಎಂದರೆ ಮಾತ್ರ ನಮಗೆ ಕ್ಯೂರಿ ನೆನಪಾಗುವುದು.

ಆಮೇಲೆ ಸುಮಾರು ಹನ್ನೆರಡು ವರ್ಷ ಪ್ಯಾರಿಸ್ಸಿನ ಒಂದು ಕೈಗಾರಿಕಾ ವಿಜ್ಞಾನ ಶಾಲೆಯಲ್ಲಿ ಪ್ರಯೋಗಶಾಲೆ ನೋಡಿಕೊಳ್ಳುವ ಕೆಲಸ. ಸಂಬಳ ಕಡಿಮೆ, ಬಡ್ತಿ ಇಲ್ಲ, ಡಾಕ್ಟರೇಟ್ ಮಾಡುವ ಗೋಜಿಗೂ ಹೋಗಿರಲಿಲ್ಲ. ಹುಡುಗರಿಗೆ ಮಾತ್ರ ಆತನೆಂದರೆ ಪ್ರಾಣ. ಒಂದು ಸಂಜೆ ಎರಡು ಮೂರು ಜನ ಶಿಷ್ಯರೊಂದಿಗೆ ಮಾತಿಗೆ ಕುಳಿತು ಹೊತ್ತು ಹೋದದ್ದೇ ತಿಳಿಯದೆ, ಹೊರಡುವಾಗ ನೋಡಿದರೆ ಬಾಗಿಲಿಗೆಲ್ಲ ಬೀಗ ಬಿದ್ದಿತ್ತಂತೆ. ಗುರುಶಿಷ್ಯರೆಲ್ಲ ಕಿಟಕಿಯ ಪಕ್ಕದ ಪೈಪು ಹಿಡಿದು ಮಹಡಿಯಿಂದ ಇಳಿದರಂತೆ. ಮೇಷ್ಟ್ರ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನನಗೆ ಆತನ ನೊಬೆಲ್ಲಿಗಿಂತ ಈ ಪೈಪಿನ ಮೇಲೆ ಹೊಟ್ಟೆಕಿಚ್ಚು.

ಅಯಸ್ಕಾಂತದ ಮೇಲೆ ಆತ ಮಾಡಿದ ಕೆಲಸವನ್ನು ನಾನು ಹುಡುಗರಿಗೆ ಕುಲುಮೆಯಲ್ಲಿ ತೋರಿಸುತ್ತೇನೆ. ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ಇನ್ನೂ ಒಂದು ಕುಲುಮೆ ಉಳಿದಿದೆ. ಕಮ್ಮಾರರು ಕುಡುಗೋಲಿನ ತುಂಡನ್ನು ಇದ್ದಲಿನಲ್ಲಿ ಕೆಂಪಗೆ ಕಾಯಿಸಿ ಅಡಿಗಲ್ಲಿನ ಮೇಲೆ ಇಡುತ್ತಾರೆ. ದಾರದಲ್ಲಿ ಕಟ್ಟಿದ ಅಯಸ್ಕಾಂತವನ್ನು ಅದರ ಹತ್ತಿರ ತೂಗಿಬಿಟ್ಟರೆ ಅದು ಅತ್ತ ತಿರುಗಿಯೂ ನೋಡುವುದಿಲ್ಲ. ಕಬ್ಬಿಣದ ಕೆಂಪು ಇಳಿದು ಕಪ್ಪಾಗುತ್ತ ಬರುವಾಗ ಅಯಸ್ಕಾಂತ ಇದ್ದಕ್ಕಿದ್ದಂತೆ ಅದರ ಕಡೆ ವಾಲುತ್ತದೆ. ಕಬ್ಬಿಣಕ್ಕೆ ಆ ಗಡಿ ಸುಮಾರು 770 ಡಿಗ್ರಿ ಸೆಲ್ಸಿಯಸ್. ಅದರಾಚೆಗೆ ಕಬ್ಬಿಣ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಪ್ರತಿ ವಸ್ತುವಿಗೂ ಬೇರೆಬೇರೆಯಾದ ಈ ಉಷ್ಣತೆಗೆ ಇಂದಿಗೂ ಕ್ಯೂರಿ ಬಿಂದು ಎಂದೇ ಹೆಸರು. ಇದು ಪಿಯರೆಯೊಬ್ಬನದೇ ದುಡಿಮೆ. 1895ರಲ್ಲಿ ಇದೇ ವಿಷಯದ ಮೇಲೆ ಕೊನೆಗೂ ಡಾಕ್ಟರೇಟ್ ಪಡೆದ. ಮೊದಲ ಸಲ ಈ ಪ್ರಯೋಗ ನೋಡಿದ ಕಮ್ಮಾರರು, ‘ಇದು ನಮಗೆ ಮೊದಲಿಂದ ಗೊತ್ತು ಮೇಷ್ಟ್ರೇ, ಕಾದ ಕಬ್ಬಿಣ ಸೂಜಿಗಲ್ಲಿಗೆ ಬಗ್ಗಲ್ಲ’ ಎಂದರು. ಗೊತ್ತಿತ್ತು, ಅಳೆದಿರಲಿಲ್ಲ.

ಅದೇ ವರ್ಷ ಜುಲೈ 26ರಂದು ಮದುವೆ. ಹುಡುಗನಿಗೆ 36, ಹುಡುಗಿಗೆ 27. ಹಿಂದಿನ ವರ್ಷ ಮೇರಿ ಬೇಸಿಗೆ ರಜೆಗೆ ಊರಿಗೆ ಹೋಗಿ, ಮತ್ತೆ ಬರುವಳೋ ಇಲ್ಲವೋ ಎಂಬ ಹಾಗಿದ್ದಾಗ, ಬೇಕಾದರೆ ತಾನೇ ಪೋಲೆಂಡಿಗೆ ಬಂದು ಇರುತ್ತೇನೆ ಎನ್ನುವವರೆಗೆ ಪಿಯರೆ ಮುಂದಾಗಿದ್ದ. ಮದುವೆಯಲ್ಲಿ ಪುರೋಹಿತರಿಲ್ಲ, ಉಂಗುರವಿಲ್ಲ. ನೆಂಟರೊಬ್ಬರು ಉಡುಗೊರೆಯಾಗಿ ಕೊಟ್ಟ ಹಣದಲ್ಲಿ ಎರಡು ಸೈಕಲ್ ಕೊಂಡು ಗಂಡಹೆಂಡತಿ ಹಳ್ಳಿಗಾಡು ಸುತ್ತಲು ಹೊರಟರು. ಹುಡುಗಿ ಮದುವೆಗೆ ಉಟ್ಟದ್ದು ಕಡುನೀಲಿ ಬಟ್ಟೆ, ಆಮೇಲೆ ಪ್ರಯೋಗಶಾಲೆಗೂ ಆಗಲಿ ಎಂದು.

ಸಂಸಾರಿಯಾಗಿ ಆತ ಹೇಗಿದ್ದ? ಊಟದ ಮೇಲೆ ಗಮನವಿರಲಿಲ್ಲ. ಹೆಂಡತಿ ಕಷ್ಟಪಟ್ಟು ಮಾಡಿದ ಅಡುಗೆ ಹೇಗಿತ್ತು ಎಂದು ಕೇಳಿದರೆ, ನಾನು ಅದನ್ನು ತಿಂದೆನೇ ಎಂದು ಆತನೇ ತಿರುಗಿ ಕೇಳುತ್ತಿದ್ದನಂತೆ. 1897ರ ಸೆಪ್ಟೆಂಬರಿನಲ್ಲಿ ಹಿರಿಯ ಮಗಳು ಐರಿನ್ ಹುಟ್ಟಿದಳು. ಮಗು ತಂದೆಯನ್ನು ‘ಪೇ’ ಎಂದೂ ತಾಯಿಯನ್ನು ‘ಮೇ’ ಎಂದೂ ಕರೆಯುತ್ತಿತ್ತು. ರಾತ್ರಿ ಅದು ತಾಯಿ ಪಕ್ಕದಲ್ಲಿಲ್ಲದೆ ಮಲಗುತ್ತಿರಲಿಲ್ಲ. ಮೇರಿ ಅದನ್ನು ಮಲಗಿಸಿ ಹೊರಗೆ ಬರುವಷ್ಟರಲ್ಲಿ, ನಿನಗೆ ಯಾವಾಗಲೂ ಆ ಮಗುವಿನದೇ ಯೋಚನೆ ಎಂದು ಈತ ಗೊಣಗುತ್ತಿದ್ದನಂತೆ. ಇದನ್ನು ಬರೆದವಳು ಈವ್. ತಂದೆಯನ್ನು ದೇವರು ಮಾಡದೆ ಬರೆದಳಲ್ಲ ಎಂದು ನನಗೆ ಆಕೆಯ ಮೇಲೆ ಗೌರವ. ಐರಿನ್ ಹುಟ್ಟಿದ ಕೆಲವೇ ದಿನಗಳಲ್ಲಿ ಪಿಯರೆಯ ತಾಯಿ ತೀರಿಕೊಂಡರು. ಆಮೇಲೆ ಡಾಕ್ಟರು ತಾತ ಮಗಸೊಸೆಯರ ಜೊತೆಗೇ ಬಂದು ಇದ್ದರು. ತಾತ ಮಗುವನ್ನು ನೋಡಿಕೊಂಡದ್ದರಿಂದ ಶೆಡ್ಡಿನಲ್ಲಿ ಕೆಲಸ ನಡೆಯಿತು. ರೇಡಿಯಂ ಕಥೆಯಲ್ಲಿ ಈ ತಾತನನ್ನೂ ಯಾರೂ ಸೇರಿಸುವುದಿಲ್ಲ.

1898ರಲ್ಲಿ ಮೇರಿ ಯುರೇನಿಯಂ ಅದಿರಿನ ವಿಕಿರಣವನ್ನು ಅಳೆಯಲು ಹೊರಟಾಗ ಆಕೆಯ ಕೈಯಲ್ಲಿದ್ದದ್ದು ಅಣ್ಣತಮ್ಮಂದಿರು ತಮ್ಮ ಹರಳಿನಿಂದ ಮಾಡಿದ್ದ ಉಪಕರಣವೇ. ಅಷ್ಟು ಸಣ್ಣ ವಿದ್ಯುತ್ತನ್ನು ಅಷ್ಟು ಕರಾರುವಾಕ್ಕಾಗಿ ಅಳೆಯುವುದು ಅದಿಲ್ಲದೆ ಆಗುತ್ತಿರಲಿಲ್ಲ. ಹೆಂಡತಿಗೆ ಸಿಕ್ಕಿದ ಸುಳಿವು ದೊಡ್ಡದು ಎಂದು ಕಂಡೊಡನೆ ಪಿಯರೆ ತನ್ನ ಹರಳುಗಳನ್ನು ಪಕ್ಕಕ್ಕಿಟ್ಟು ಆಕೆಯ ಕೆಲಸಕ್ಕೆ ಸೇರಿಕೊಂಡ. ಸದ್ಯಕ್ಕೆ ಮಾತ್ರ ಎಂದುಕೊಂಡಿದ್ದ. ಮತ್ತೆ ಹರಳಿಗೆ ಮರಳಲಿಲ್ಲ. ಜುಲೈಯಲ್ಲಿ ಪೊಲೋನಿಯಂ, ಡಿಸೆಂಬರಿನಲ್ಲಿ ರೇಡಿಯಂ. ಆ ದಿನಗಳ ಟಿಪ್ಪಣಿ ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಇಬ್ಬರ ಅಕ್ಷರವೂ ಇದೆ. ರೇಡಿಯಂ ಚರ್ಮವನ್ನು ಸುಡುತ್ತದೆ ಎಂದು ಕೇಳಿ ಪಿಯರೆ ಅದನ್ನು ತನ್ನ ತೋಳಿಗೇ ಹತ್ತು ಗಂಟೆ ಕಟ್ಟಿಕೊಂಡು ಗಾಯ ಮಾಡಿಕೊಂಡ. ತಿಂಗಳು ಮೀರಿದರೂ ಮಾಯದ ಆ ಹುಣ್ಣನ್ನು ದಿನದಿನವೂ ನೋಡಿ ವರದಿ ಬರೆದ. ಕ್ಯಾನ್ಸರಿಗೆ ರೇಡಿಯಂ ಚಿಕಿತ್ಸೆ ಹುಟ್ಟಿದ್ದು ಇಂಥ ಅವಲೋಕನಗಳಿಂದ. ಮಕ್ಕಳೇ, ಇದನ್ನು ಅನುಕರಿಸಬೇಡಿ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

1903ರ ನೊಬೆಲ್ಲಿಗೆ ಫ್ರಾನ್ಸಿನ ಪಂಡಿತರು ಕಳಿಸಿದ ಶಿಫಾರಸಿನಲ್ಲಿ ಬೆಕೆರೆಲ್ ಮತ್ತು ಪಿಯರೆಯ ಹೆಸರು ಮಾತ್ರ ಇತ್ತು. ಸ್ವೀಡನ್ನಿನ ಗಣಿತಜ್ಞ ಮಿಟಾಗ್ ಲೆಫ್ಲರ್ ಈ ಸಂಗತಿಯನ್ನು ಪಿಯರೆಗೆ ತಿಳಿಸಿದ. ನನ್ನನ್ನು ಪರಿಗಣಿಸುವುದಾದರೆ ಮೇರಿಯನ್ನೂ ನನ್ನ ಜೊತೆಯಲ್ಲೇ ಪರಿಗಣಿಸಬೇಕು ಎಂದು ಆತ ಉತ್ತರ ಬರೆದ. ನಾವು ಇಂದು ಮೇಡಂ ಕ್ಯೂರಿಯ ಎರಡು ನೊಬೆಲ್ ಎಂದು ಎಣಿಸುವಾಗ ಮೊದಲನೆಯದರ ಹಿಂದೆ ಈ ಕಾಗದವಿದೆ. ಅದೇ ವರ್ಷ ಸರ್ಕಾರ ಬಿರುದು ಕೊಡಲು ಬಂದರೆ ಬೇಡ ಎಂದ. ಅದರ ಬದಲು ಒಂದು ಪ್ರಯೋಗಶಾಲೆ ಕೊಡಿ ಎಂದ. ಮನಸ್ಸಿಗೆ ಬೇಕಾದಂಥ ಪ್ರಯೋಗಶಾಲೆ ಬದುಕಿರುವವರೆಗೆ ಸಿಗಲಿಲ್ಲ.

ರೇಡಿಯಂ ತೆಗೆಯುವ ವಿಧಾನಕ್ಕೆ ಪೇಟೆಂಟ್ ಮಾಡಿಸಬಹುದಿತ್ತು. ಒಂದು ಭಾನುವಾರ ಗಂಡಹೆಂಡತಿ ಕುಳಿತು ಮಾತನಾಡಿದರು. ಮಕ್ಕಳ ಭವಿಷ್ಯದ ಮಾತನ್ನೂ, ಪ್ರಯೋಗಶಾಲೆಯ ಮಾತನ್ನೂ ಪಿಯರೆ ಎತ್ತಿದನಂತೆ. ಆದರೂ ಅದು ವಿಜ್ಞಾನಕ್ಕೆ ಒಪ್ಪುವಂಥದ್ದಲ್ಲ ಎಂದು ಇಬ್ಬರಿಗೂ ಅನ್ನಿಸಿತು. ಕೇಳಿದವರಿಗೆಲ್ಲ ವಿಧಾನವನ್ನು ಹಾಗೇ ಬರೆದು ಕಳಿಸಿಬಿಟ್ಟರು. ಇದು ಸರಿಯೇ ಎಂದು ತರಗತಿಯಲ್ಲಿ ಕೇಳಿದರೆ ಹುಡುಗರು ಎರಡು ಪಂಗಡವಾಗುತ್ತಾರೆ. ನಾನು ತೀರ್ಪು ಕೊಡಲು ಹೋಗುವುದಿಲ್ಲ. ಹೆಣ್ಣುಮಕ್ಕಳ ತಂದೆಯೊಬ್ಬ ಈ ಮಾತನ್ನು ಹೆಂಡತಿಯ ಮುಂದಿಟ್ಟು ಇಬ್ಬರೂ ಸೇರಿ ನಿರ್ಧರಿಸಿದರು ಎಂಬುದನ್ನು ಮಾತ್ರ ಹೇಳುತ್ತೇನೆ.

ಇನ್ನು 1906ರ ಏಪ್ರಿಲ್. ಈಸ್ಟರ್ ರಜೆಗೆ ಸಂಸಾರವೆಲ್ಲ ಪ್ಯಾರಿಸ್ಸಿನ ಹೊರಗಿನ ಸೇಂಟ್ ರೆಮಿ ಎಂಬ ಹಳ್ಳಿಗೆ ಹೋಗಿತ್ತು. ಐರಿನ್ ಬಲೆ ಹಿಡಿದು ಚಿಟ್ಟೆಗಳ ಹಿಂದೆ ಓಡುತ್ತಿದ್ದಳು, ಈವ್ ತಪ್ಪು ಹೆಜ್ಜೆ ಇಡುತ್ತ ಬೀಳುತ್ತಿದ್ದಳು, ಗಂಡಹೆಂಡತಿ ಹುಲ್ಲಿನ ಮೇಲೆ ಮಲಗಿ ನೋಡುತ್ತಿದ್ದರು. ಪಿಯರೆ ಕಾಡುಹೂಗಳ ಗೊಂಚಲೊಂದನ್ನು ಹಿಡಿದುಕೊಂಡು ಮೊದಲೇ ಊರಿಗೆ ಮರಳಿದ. ಗುರುವಾರ 19ನೆಯ ತಾರೀಖು, ಮಳೆ. ಬೆಳಿಗ್ಗೆ ಹೊರಡುವಾಗ ಕೆಳಗಿನಿಂದ ಕೂಗಿ ಕೇಳಿದ, ಇವತ್ತು ಪ್ರಯೋಗಶಾಲೆಗೆ ಬರುತ್ತೀಯಾ ಎಂದು. ಮೇರಿ ಮಕ್ಕಳ ಗಡಿಬಿಡಿಯಲ್ಲಿದ್ದಳು. ಗೊತ್ತಿಲ್ಲ, ನನ್ನನ್ನು ಪೀಡಿಸಬೇಡ ಎಂಬರ್ಥದ ಉತ್ತರ ಕೊಟ್ಟಳು. ನಮ್ಮ ಮನೆಗಳಲ್ಲೂ ಬೆಳಗಿನ ಹೊತ್ತು ನೂರು ಸಲ ಆಡುವ ಮಾತು. ಅದೇ ಕೊನೆಯ ಮಾತಾಯಿತು.

ಮಧ್ಯಾಹ್ನ ಎರಡೂವರೆಯ ಸುಮಾರಿಗೆ ದೋಫಿನ್ ರಸ್ತೆಯನ್ನು ದಾಟುವಾಗ ಕೊಡೆ ಹಿಡಿದಿದ್ದ ಪಿಯರೆ ಸಿಪಾಯಿಗಳ ಸಮವಸ್ತ್ರ ಹೇರಿಕೊಂಡು ಬರುತ್ತಿದ್ದ ಭಾರಿ ಕುದುರೆಗಾಡಿಯೊಂದಕ್ಕೆ ಸಿಕ್ಕಿಬಿದ್ದ. ತಲೆಯ ಮೇಲೆ ಹಿಂದಿನ ಚಕ್ರ ಹರಿಯಿತು. ವಯಸ್ಸು 46.

ವಿಶ್ವವಿದ್ಯಾಲಯದ ಹಿರಿಯರು ಮನೆಗೆ ಬಂದಾಗ ಬಾಗಿಲು ತೆರೆದದ್ದು ಡಾಕ್ಟರು ತಾತ. ಬಂದವರ ಮುಖ ನೋಡಿಯೇ ಮಗ ಹೋದನೆಂದು ತಿಳಿದುಕೊಂಡರು. ಸಂಜೆ ಆರಕ್ಕೆ ಮನೆಗೆ ಬಂದ ಮೇರಿಗೆ ವಿಷಯ ಹೇಳಿದರು. ಆಕೆ ಅಳಲಿಲ್ಲ. ತೋಟಕ್ಕೆ ಹೋಗಿ, ಪಕ್ಕದ ಪೆರಿನ್ ಅವರ ಮನೆಯಲ್ಲಿ ಆಡುತ್ತಿದ್ದ ಐರಿನ್‌ಳನ್ನು ಕೆಲವು ದಿನ ಅಲ್ಲೇ ಇಟ್ಟುಕೊಳ್ಳಿ ಎಂದು ಕೇಳಿಕೊಂಡಳು. ಪೇಗೆ ತಲೆಗೆ ಪೆಟ್ಟಾಗಿದೆ, ವಿಶ್ರಾಂತಿ ಬೇಕು ಎಂದು ಮಗುವಿಗೆ ಹೇಳಿದಳು. ಎಂಟು ವರ್ಷದ ಹುಡುಗಿ ಮತ್ತೆ ಆಟಕ್ಕೆ ಓಡಿದಳು. ಸೋ ಎಂಬ ಊರಿನಲ್ಲಿ, ತಾಯಿಯ ಸಮಾಧಿಯಲ್ಲೇ, ಶನಿವಾರ ಸದ್ದುಗದ್ದಲವಿಲ್ಲದೆ ಮಣ್ಣು ಮಾಡಿದರು. ನಿಜ ಏನೆಂದು ಐರಿನ್‌ಗೆ ಹೇಳಿದ್ದು ಅದಾದ ಮೇಲೆ.

ಈ ಜಾಗಕ್ಕೆ ಬಂದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ನನ್ನ ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಮೂರು ದಿನದ ಜ್ವರ. ನನ್ನನ್ನು ಸೋದರಮಾವನ ಮನೆಗೆ ಕಳಿಸಿ, ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ವಾಸಿಯಾಗುತ್ತೆ ಎಂದರು. ನಾನೂ ಗೋಲಿ ಆಡಿದೆ. ಹಿಂದಿರುಗಿ ಬಂದಾಗ ಮನೆಯಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಅವ್ವ ನನ್ನ ಮುಂದೆ ಅಪ್ಪನ ಮಾತೆತ್ತಲಿಲ್ಲ. ನೆಂಟರು ಬಂದು ‘ಅವನಿದ್ದಿದ್ದರೆ’ ಎಂದು ಶುರುಮಾಡಿದರೆ ಅವ್ವ ಎದ್ದು ಅಡುಗೆಮನೆಗೆ ಹೋಗುವಳು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂಬ ಪದ್ಧತಿ ನಮ್ಮ ಕಡೆ ಮೊದಲೇ ಇತ್ತು. ರೇಷನ್ ಕಾರ್ಡಿನ ಆಫೀಸಿನಲ್ಲಿ ಗುಮಾಸ್ತರು ಯಜಮಾನರ ಹೆಸರೇನು ಎಂದಾಗ ಅವ್ವ ನನ್ನ ಬೆನ್ನು ತಟ್ಟಿ ಮುಂದೆ ತಳ್ಳಿದಳು. ನಾನು ಹೇಳಿದೆ. ಆ ವರ್ಷ ನಮ್ಮ ಮನೆಯವರ ಬಾಯಿಂದ ಅಪ್ಪನ ಹೆಸರು ಹೊರಬಿದ್ದದ್ದು ಬಹುಶಃ ಅದೊಂದೇ ಸಲ.

ಪ್ಯಾರಿಸ್ಸಿನ ಮೇರಿಗೆ ಅಂಥ ಪದ್ಧತಿಯ ಕಟ್ಟೇನೂ ಇರಲಿಲ್ಲ. ಆದರೂ ಆಕೆ ಮಕ್ಕಳ ಮುಂದೆ ಪಿಯರೆಯ ಹೆಸರೆತ್ತಲಾರದೆ ಹೋದಳು ಎಂದು ಈವ್ ಬರೆಯುತ್ತಾಳೆ. ಮಾತು ಆ ಕಡೆ ತಿರುಗಿದರೆ ಬೇರೆ ಕಡೆಗೆ ಎಳೆಯುವಳು. ಮಕ್ಕಳ ಕಣ್ಣಿಗೆ ಬೀಳದ ಹಾಗೆ ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಸುಮಾರು ಒಂದು ವರ್ಷ ಗಂಡನಿಗೇ ಬರೆದಳು. ‘ನೀನು’ ಎಂದು ಸಂಬೋಧಿಸಿ, ಮನೆಗೆ ಬಂದವನಿಗೆ ದಿನದ ವರದಿ ಒಪ್ಪಿಸುವ ಹಾಗೆ. ಆ ಬೆಳಗಿನ ಕೊನೆಯ ಮಾತು ನಮಗೆ ಗೊತ್ತಿರುವುದೇ ಆ ನೋಟ್‌ಬುಕ್ಕಿನಿಂದ. ಸಂಶೋಧಕರ ಕೈಗೆ ಅದು ಸಿಕ್ಕಿದ್ದು 1990ರಲ್ಲಿ. ಅಂದರೆ ಐರಿನ್ ತೀರಿಕೊಂಡು 34 ವರ್ಷಗಳಾದ ಮೇಲೆ.

ಮೇರಿಯನ್ನು ತಪ್ಪು ಎನ್ನಲು ನನಗೆ ಮನಸ್ಸು ಬಾರದು, ಅವ್ವನನ್ನಂತೂ ಅನ್ನಲಾರೆ. ಒಡೆದುಹೋಗದ ಹಾಗೆ ನಿಲ್ಲಬೇಕಾದರೆ ಕೆಲವರಿಗೆ ಬಾಯಿಗೆ ಬೀಗ ಹಾಕಿಕೊಳ್ಳಬೇಕಾಗುತ್ತದೆ. ಸರ್ಕಾರ ವಿಧವೆಗೆ ಪಿಂಚಣಿ ಕೊಡಲು ಮುಂದಾದಾಗ, ನನಗೆ 38 ವರ್ಷ, ದುಡಿದು ಮಕ್ಕಳನ್ನು ಸಾಕುತ್ತೇನೆ ಎಂದವಳು ಆಕೆ. ಗಂಡನ ಪಾಠದ ಹೊಣೆಯನ್ನು ಆಕೆಗೇ ವಹಿಸಿದರು. 1906ರ ನವೆಂಬರ್ 5ರಂದು ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಆಕೆಯ ಮೊದಲ ಉಪನ್ಯಾಸ. ವಿಧವೆ ಏನು ಹೇಳುವಳೋ, ಅಳುವಳೋ ಎಂದು ಕುತೂಹಲದಿಂದ ಊರಿಗೆ ಊರೇ ಬಂದು ತುಂಬಿತ್ತು. ಆಕೆ ಬಂದವಳೇ, ಪಿಯರೆ ಪಾಠವನ್ನು ಎಲ್ಲಿ ನಿಲ್ಲಿಸಿದ್ದನೋ ಆ ಜಾಗದಿಂದ ಮುಂದುವರಿಸಿದಳು. ಹೊಗಳಿಕೆಯ ಒಂದು ಮಾತಿಲ್ಲ. ವರ್ಗವಾಗಿ ಹೋದ ಮೇಷ್ಟ್ರ ಜಾಗಕ್ಕೆ ಬಂದು, ಹಿಂದಿನವರು ಎಲ್ಲಿಗೆ ಬಿಟ್ಟಿದ್ದಾರೆ ಎಂದು ಹುಡುಗರ ನೋಟ್‌ಬುಕ್ ತೆರೆಸಿ ನೋಡಿ ಪಾಠ ಹಿಡಿದ ಪ್ರತಿಯೊಬ್ಬ ಉಪಾಧ್ಯಾಯನಿಗೂ ಅದು ಎಷ್ಟು ಕಷ್ಟ ಎಂದು ಗೊತ್ತು. ಇಲ್ಲಿ ಬಿಟ್ಟುಹೋದವನು ಗಂಡ.

ಆದರೆ ಮಕ್ಕಳಿಗೆ ಮೌನ ಒಂದೇ ಸಾಲದು. ಆ ಮನೆಯನ್ನು ಉಳಿಸಿದವರು ತಾತ ಎಂದು ನನ್ನ ಲೆಕ್ಕ. ಮಗ ಸತ್ತಾಗ ಅವರಿಗೆ 78. ನೀವು ಬೇಕಾದರೆ ದೊಡ್ಡ ಮಗನ ಮನೆಗೆ ಹೋಗಬಹುದು ಎಂದು ಸೊಸೆ ಬಿಟ್ಟುಕೊಟ್ಟಾಗ, ನಿನ್ನ ಜೊತೆಗೇ ಇರುತ್ತೇನೆ ಎಂದರು. ಪಿಯರೆ ಮಲಗಿದ್ದ ಸೋ ಊರಿಗೇ 1907ರಲ್ಲಿ ಮನೆ ಬದಲಾಯಿಸಿದರು. ಹಗಲೆಲ್ಲ ಸೊಸೆ ಪ್ಯಾರಿಸ್ಸಿನಲ್ಲಿ. ಮನೆಯಲ್ಲಿ ನಗು ಎಂಬುದಿದ್ದರೆ ತಾತನದು. ಐರಿನ್‌ಗೆ ಗಿಡಮರ ಗುರುತಿಸಲು ಕಲಿಸಿದರು, ವಿಕ್ಟರ್ ಹ್ಯೂಗೋನ ಹುಚ್ಚು ಹಿಡಿಸಿದರು. ಸತ್ತ ಮಗನ ನಿಧಾನ, ಮಗನ ಗಾಂಭೀರ್ಯ ಮೊಮ್ಮಗಳಲ್ಲಿ ಕಂಡು ಅವಳ ಮೇಲೆ ಪ್ರಾಣ ಇಟ್ಟುಕೊಂಡಿದ್ದರು. 1910ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಮೇರಿ ಪಿಯರೆಯ ಪೆಟ್ಟಿಗೆಯನ್ನು ಮೇಲೆತ್ತಿಸಿ, ಅಡಿಯಲ್ಲಿ ಮಾವನನ್ನು ಇಡಿಸಿದಳು. ಗಂಡನ ಮೇಲಿನ ಜಾಗವನ್ನು ತನಗೆಂದು ಖಾಲಿ ಬಿಡಿಸಿದಳು. 1934ರಲ್ಲಿ ಅಲ್ಲಿಗೇ ಸೇರಿದಳು. 1995ರ ಏಪ್ರಿಲ್‌ನಲ್ಲಿ ಗಂಡಹೆಂಡತಿ ಇಬ್ಬರನ್ನೂ ಫ್ರಾನ್ಸ್ ದೇಶ ತನ್ನ ಮಹನೀಯರ ಸಮಾಧಿ ಭವನವಾದ ಪ್ಯಾಂಥಿಯಾನ್‌ಗೆ ತಂದಿತು.

ಬಾಯಲ್ಲಿ ಹೇಳಲಾಗದ್ದನ್ನು ಮೇರಿ ಪಾಠದಲ್ಲಿ ಕೊಟ್ಟಳೇನೋ. ಪಿಯರೆಯಂತೆ ತನ್ನ ಮಗಳಿಗೂ ಮಾಮೂಲಿ ಶಾಲೆ ಬೇಡ ಎನ್ನಿಸಿ, ಕೆಲವು ಪ್ರೊಫೆಸರು ಸ್ನೇಹಿತರನ್ನು ಸೇರಿಸಿ ಸುಮಾರು ಎರಡು ವರ್ಷ ತಮ್ಮತಮ್ಮ ಮಕ್ಕಳಿಗೆ ತಾವೇ ಪಾಠ ಹೇಳಿದರು. ಪಿಯರೆಯ ಶಿಷ್ಯನಾಗಿದ್ದ ಪಾಲ್ ಲಾಂಜೆವಿನ್ ಗಣಿತ, ಪಕ್ಕದ ಮನೆಯ ಜೀನ್ ಪೆರಿನ್ ರಸಾಯನ ವಿಜ್ಞಾನ, ಮೇರಿ ಭೌತವಿಜ್ಞಾನ. ಪಾತ್ರೆಯಲ್ಲಿನ ಬಿಸಿ ದ್ರವ ಆರದಂತೆ ಮಾಡುವುದು ಹೇಗೆ ಎಂದು ಒಂದು ದಿನ ಮೇರಿ ಕೇಳಿದಳು. ಉಣ್ಣೆ ಸುತ್ತೋಣ, ಅದು ಮಾಡೋಣ, ಇದು ಮಾಡೋಣ ಎಂದು ಪಂಡಿತಪುತ್ರರು ಪೈಪೋಟಿಯಲ್ಲಿ ಹೇಳಿದರು. ನಾನಾದರೆ ಮೊದಲು ಮುಚ್ಚಳ ಮುಚ್ಚುತ್ತೇನೆ ಎಂದು ಆಕೆ ನಕ್ಕಳಂತೆ. ಇದನ್ನು ನನ್ನ ತರಗತಿಯಲ್ಲಿ ಕೇಳಿದ್ದೇನೆ. ಮುಚ್ಚಳವನ್ನು ಮೊದಲು ಹೇಳುವವರು ಯಾವಾಗಲೂ ಮನೆಯಲ್ಲಿ ಅಡುಗೆ ಮಾಡುವ ಹುಡುಗಿಯರೇ.

ಐರಿನ್ ತಂದೆತಾಯಿಯ ಹಾದಿಯಲ್ಲೇ ನಡೆದಳು. 1935ರಲ್ಲಿ ಗಂಡ ಫ್ರೆಡರಿಕ್ ಜೋಲಿಯೊ ಜೊತೆ ನೊಬೆಲ್ ಪಡೆದಳು. ಮೂರು ವರ್ಷ ಮೊದಲು ಹುಟ್ಟಿದ ಮಗನಿಗೆ ಪಿಯರೆ ಎಂದು ಹೆಸರಿಟ್ಟಿದ್ದಳು. ಮನೆಯಲ್ಲಿ ಎಷ್ಟೋ ವರ್ಷ ಯಾರೂ ಎತ್ತದಿದ್ದ ಹೆಸರನ್ನು ದಿನಕ್ಕೆ ಹತ್ತು ಸಲ ಕೂಗಿ ಕರೆಯುವ ಹಾಗಾಯಿತು. ವಿಜ್ಞಾನ ಹಿಡಿಯದ ಈವ್ ಪಿಯಾನೊ ನುಡಿಸಿದಳು, ಪತ್ರಕರ್ತೆಯಾದಳು, 102 ವರ್ಷ ಬದುಕಿ 2007ರಲ್ಲಿ ತೀರಿಕೊಂಡಳು. ತಂದೆಯ ಮುಖವೇ ನೆನಪಿಲ್ಲದವಳು ಬರೆದ ಪುಸ್ತಕದಿಂದಲೇ ನಮಗೆ ಆತನ ಗೊಣಗಾಟವೂ ಗೊತ್ತು, ಊಟದ ಮರೆವೂ ಗೊತ್ತು.

ಪರೀಕ್ಷೆಗೆ ಬೇಕಾದ ಒಂದು ವಿಷಯ. ವಿಕಿರಣದ ಅಳತೆಗೆ ‘ಕ್ಯೂರಿ’ ಎಂಬ ಮಾನವಿದೆ. ಸೆಕೆಂಡಿಗೆ 3,700 ಕೋಟಿ ಪರಮಾಣುಗಳ ವಿಘಟನೆ ಎಂದರೆ ಒಂದು ಕ್ಯೂರಿ. 1910ರಲ್ಲಿ ಬ್ರಸೆಲ್ಸ್‌ನಲ್ಲಿ ಕೂಡಿದ ವಿಜ್ಞಾನಿಗಳು ಈ ಹೆಸರು ಇಟ್ಟಾಗ, ಇದು ತೀರಿಹೋದ ಪಿಯರೆಯ ಗೌರವಕ್ಕೆ ಎಂದು ಪ್ರಕಟವಾಯಿತು. ಉತ್ತರ ಪತ್ರಿಕೆಗಳಲ್ಲಿ ಮಕ್ಕಳು ಮೇಡಂ ಕ್ಯೂರಿಯ ಹೆಸರು ಬರೆಯುತ್ತಾರೆ. ನಾನು ಅಂಕ ಕಳೆಯುವುದಿಲ್ಲ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಮತ್ತು ಯಜಮಾನರು’ ಎಂದು ಸೇರಿಸುತ್ತೇನೆ.

ಪ್ರತಿ ವರ್ಷ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಹಿಂದೆ ‘ದಿವಂಗತ’ ಎಂದು ಬರೆದ ಒಂದಿಬ್ಬರಾದರೂ ಇರುತ್ತಾರೆ. ಹೋದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ನಡುವಯಸ್ಸಿನಲ್ಲಿ ತೀರಿಕೊಂಡರು. ಬಸ್ ನಿಲ್ದಾಣದ ಬಳಿ ಸೈಕಲ್ ಶಾಪ್ ಇಟ್ಟಿದ್ದವರು. ಹದಿನೈದು ದಿನ ಬಿಟ್ಟು ಹುಡುಗಿ ಶಾಲೆಗೆ ಬಂದಳು. ಅವಳ ಮುಂದೆ ಯಾರೂ ಅಪ್ಪನ ಮಾತೆತ್ತಲಿಲ್ಲ. ಎತ್ತಬಾರದೆಂದು ಉಳಿದ ಮಕ್ಕಳಿಗೆ ಮನೆಯಲ್ಲಿ ಹೇಳಿ ಕಳಿಸಿದ್ದರು. ನಾನು ತಾಯಿಯನ್ನು ಒಂದು ಮಾತು ಕೇಳಿ, ಆಮೇಲೆ ಅವಳನ್ನು ಕೇಳಿದೆ: ‘ಏನಮ್ಮಾ, ನಾಳೆ ಒತ್ತಡದ ಪಾಠ. ಅಪ್ಪನ ಪಂಪು ತರ್ತೀಯಾ?’

ಪಂಪು ಮಾತ್ರವಲ್ಲ, ಒಂದು ಹಳೆಯ ಟ್ಯೂಬು, ಉಪ್ಪುಕಾಗದ, ಸೊಲ್ಯೂಷನ್ನಿನ ಸೊಟ್ಟ ಟ್ಯೂಬು ಎಲ್ಲ ಚೀಲದಲ್ಲಿ ಹಾಕಿಕೊಂಡು ಬಂದಳು. ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಗಾಳಿ ಹೊಡೆದರೆ ಬುಡ ಯಾಕೆ ಬಿಸಿಯಾಗುತ್ತದೆ ಎಂದು ನಾನು ಹೇಳಿದೆ. ಉಳಿದ ಪಾಠ ಅವಳದು. ಗಾಳಿ ತುಂಬಿದ ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ತಿರುಗಿಸುತ್ತ ಗುಳ್ಳೆ ಏಳುವ ಜಾಗ ಹುಡುಕಿದಳು. ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಒತ್ತಬಾರದು, ಸ್ವಲ್ಪ ಆರಿ ಅಂಟಂಟಾಗಬೇಕು, ಅಪ್ಪ ಅಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸುತ್ತಿದ್ದರು ಎಂದಳು. ಮಕ್ಕಳು ಹೆದರುತ್ತ ಹೆದರುತ್ತ ನಕ್ಕರು. ಅವಳೂ ನಕ್ಕಳು. ಒಂದು ಪಂಚರಿಗೆ ಎಷ್ಟು ತಗೋತಿದ್ರು ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

‘ಸ್ಕೂಲ್ ಹುಡುಗರ ಹತ್ರ ತಗೋತಿರ್ಲಿಲ್ಲ,’ ಎಂದಳು. ‘ಆಮೇಲೆ ಕೊಡಿ ಅಂತಿದ್ರು. ಯಾರೂ ಕೊಡ್ತಿರ್ಲಿಲ್ಲ.’